ಬಿಳಿ ಚುಕ್ಕೆ ಬೇಡ

ಸಿದ್ದಾಪುರದ ಬಸ್ ಸ್ಟ್ಯಾಂಡಿನೆದುರು ನನ್ನ ಫ್ಲೆಕ್ಸ್ ಅಂಗಡಿ.
ಹಗಲೆಲ್ಲ ಹುಟ್ಟುಹಬ್ಬ, ಹಾಕಿ ಪಂದ್ಯ, ಶ್ರದ್ಧಾಂಜಲಿ.
ತೀರಿಕೊಂಡವರ ಹಣೆಯ ಮೇಲೆ ಬಿದ್ದ ಫ್ಲ್ಯಾಶಿನ ಬೆಳಕನ್ನು
ಮೆತ್ತನೆಯ ಬ್ರಶ್ಶಿನಿಂದ ಒರೆಸುವುದು ನನ್ನ ಕಸುಬು.
ಎಷ್ಟು ಮಂದಿಗೆ ಕೋಟು ತೊಡಿಸಿದ್ದೇನೆ
ಬದುಕಿದ್ದಾಗ ಕೋಟೇ ಮುಟ್ಟದವರಿಗೆ.

ಸಂತೆಯ ದಿನ. ಅತ್ತೆಯ ಆಧಾರ್ ಕಾರ್ಡು ಪ್ರಿಂಟಾಗುವ ತನಕ
ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತ ಹುಡುಗ
(ಶಾಲೆಯಲ್ಲಿ ಬೇರೆ ಹೆಸರು, ಲೈನುಮನೆಯಲ್ಲಿ ಬೊಳಕ)
ಕೇಳಿದ: "ಅಕ್ಕಾ, ಇಲ್ಲದ್ದನ್ನೂ ಬಿಡಿಸ್ತೀಯಾ?"
"ದಿನಾ ಮಾಡೋದು ಅದೇ ತಾನೇ" ಅಂದೆ.
"ಇಲ್ಲದ್ದಲ್ಲ" ಎಂದು ತಿದ್ದಿಕೊಂಡ, "ನಾನು ಕಂಡದ್ದು."

ಹೊಸ ಕ್ಯಾನ್ವಾಸು ತೆರೆದು ಬೂದಿಬಣ್ಣ ಸುರಿದೆ.
ಬಿಳಿ ಹಾಳೆ ಅವಸರ ಮಾಡಿಸುತ್ತದೆ, ಸುಳ್ಳು ಹೇಳಿಸುತ್ತದೆ.
ಮೊದಲ ಪದರದಲ್ಲಿ ಬರೀ ಗೆರೆ.
ಆನೆಯಷ್ಟು ಎತ್ತರವಾ?
ಅಲ್ಲ, ಕಾಫಿ ಗಿಡಕ್ಕಿಂತ ಒಂದು ಗೇಣು ಹೆಚ್ಚು.
ಕಾಲು ನಾಲ್ಕಾ?
ಎಣಿಸಲಿಲ್ಲ, ಓಡಿದೆ.
ಎಣಿಸದ ಕಾಲುಗಳನ್ನು ತರಗೆಲೆಯೊಳಗೆ ಇಳಿಸಿಬಿಟ್ಟೆ.

ಎರಡನೆಯದರಲ್ಲಿ ಮೈ: ನೀರುನಾಯಿಯ ಬೆನ್ನು,
ಹೊಳೆಯಿಂದ ಆಗಷ್ಟೇ ಎದ್ದ ನುಣುಪು.
ಬಾಲ ಕೆಂದಳಿಲಿನದು, ಆದರೆ ಉದ್ದ,
ಸಿಲ್ವರ್ ಮರವೊಂದನ್ನು ಸುತ್ತಿ ಬರುವಷ್ಟು.
ತಲೆಗೆ ಮಂಗಟ್ಟೆಯ ಕೊಂಬು ಕೂಡಿಸಿದಾಗ ನಕ್ಕ,
"ಅಕ್ಕಾ, ಅದು ಹಕ್ಕಿ ಅಲ್ಲ."
ಪದರದ ಪಕ್ಕದ ಕಣ್ಣಿನ ಗುರುತು ಒತ್ತಿದೆ, ಕೊಂಬು ಮಾಯ.
ಮತ್ತೆ ಒತ್ತಿದೆ, ಬಂತು.
ಬೆರಳು ಚಾಚಿ ತಾನೇ ಒತ್ತಿದ: ಮಾಯ, ಬಂತು, ಮಾಯ.
ಹತ್ತು ಸಲ. ಹನ್ನೊಂದು ಸಲ.
ಇಷ್ಟು ಸುಲಭವೆಂದು ಅವನಿಗೆ
ಯಾರೂ ಹೇಳಿರಲಿಲ್ಲ.

ಕಾಫಿ ಸಿಪ್ಪೆಯ ಫೋಟೋ ಹಿಡಿದು ನಾನೇ ಮಾಡಿಕೊಂಡ ಬ್ರಶ್ಶು,
ಅದರಿಂದ ತುಪ್ಪಳ. ಮೈ ಹೋದ ಕಡೆಗೆ ಕೂದಲು.
ನೆರಳಿಗೊಂದು ಪದರ, ಗುಣಿಸುವ ಪದರ.
"ನೆರಳೆಂದರೆ ಕಪ್ಪಲ್ಲ ಬೊಳಕ, ಇಗೋ ಈ ನೇರಳೆ,
ಒಣಗುವ ಹಣ್ಣಿನ ಬಣ್ಣ" ಅಂದೆ, ಕಲಿಸುವವಳ ಹಾಗೆ.
"ಒಣಗುವುದಲ್ಲ" ಎಂದ, "ಕಣದಲ್ಲಿ ಮೂರನೇ ದಿನದ್ದು."
ಮೂರನೇ ದಿನದ ನೇರಳೆ ಹುಡುಕುವುದಕ್ಕೆ
ಕಾಲು ಗಂಟೆ ಹಿಡಿಯಿತು.

ಇನ್ನು ಅಂಚು. ಮೈ ಎಲ್ಲಿ ಮುಗೀತು, ಮರ ಎಲ್ಲಿ ಶುರು?
"ಮುಗೀಲೇ ಇಲ್ಲ."
ದಿನಾ ಮನುಷ್ಯರನ್ನು ಅವರ ಹಿತ್ತಿಲಿನಿಂದ, ಗೋಡೆಯಿಂದ,
ಹೆಗಲ ಮೇಲಿದ್ದ ಯಾರದೋ ಕೈಯಿಂದ
ನೀಟಾಗಿ ಕತ್ತರಿಸಿ ತೆಗೆಯುವ ಕೈ ನನ್ನದು;
ಈಗ ಕತ್ತರಿ ಬಿಟ್ಟು, ಸವರುವ ಬ್ರಶ್ಶು ಹಿಡಿದು
ಬೆನ್ನನ್ನು ಮಬ್ಬಿಗೆ, ಮಬ್ಬನ್ನು ಬೆನ್ನಿಗೆ ಎಳೆದೆ.
ದಟ್ಟಣೆ ನೂರರಿಂದ ಎಪ್ಪತ್ತು, ಐವತ್ತೈದು, ನಲವತ್ತು.
"ಹಾಂ. ಹಾಗೇ ಇತ್ತು. ಇದ್ದೂ."
ಆಮೇಲೆ ಅವನ ಪ್ರಶ್ನೆ: "ಸದ್ದಿಗೆ ಯಾವ ಪದರ?"
ನನ್ನ ಹತ್ತಿರ ಇರಲಿಲ್ಲ.
ಅದರ ಕಿವಿಯ ಪಕ್ಕ ಒಂದೇ ಒಂದು ಎಲೆಯನ್ನು
ಉಳಿದವುಗಳಿಗಿಂತ ಬೇರೆ ಕಡೆಗೆ ವಾಲಿಸಿದೆ.
ಅವನು ಒಪ್ಪಲಿಲ್ಲ, ತಕರಾರೂ ಮಾಡಲಿಲ್ಲ.

ಕೊನೆಗೆ, ರೂಢಿಯಂತೆ, ಕಣ್ಣಿಗೆ ಬಿಳಿ ಚುಕ್ಕೆ.
ಸಾಸಿವೆಯಷ್ಟು ಸಾಕು, ಸತ್ತವರೂ ಎದ್ದು ನೋಡುತ್ತಾರೆ.
ಹುಡುಗ ಸ್ಟೂಲಿನಿಂದ ಇಳಿದ.
"ಬೇಡ. ಅದು ನನ್ನನ್ನು ನೋಡಲಿಲ್ಲ."
ಅಳಿಸಿದೆ. ಚುಕ್ಕೆ ಹೋದ ಕಣ್ಣು
ನನ್ನ ಬೆನ್ನ ಹಿಂದೆ, ಪಾಲಿಬೆಟ್ಟದ ಬಸ್ಸಿನಾಚೆ
ಇನ್ನೇನನ್ನೋ ನೋಡುತ್ತಿತ್ತು.
ತಿರುಗಿ ನೋಡುವ ಮನಸ್ಸಾಯಿತು, ತಡೆದುಕೊಂಡೆ.

ಪ್ರಿಂಟು ಬಂತು. ಅತ್ತೆ ಸೆರಗಿನ ಗಂಟು ಬಿಚ್ಚಿ
ಮೂವತ್ತು ರೂಪಾಯಿ ಎಣಿಸುತ್ತ ಪರದೆಯತ್ತ ಕಣ್ಣು ಹಾಯಿಸಿದಳು.
ಎಣಿಕೆ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದಳು.
ಹುಡುಗನ ಕೈ ಹಿಡಿದು ಮೆಟ್ಟಿಲಿಳಿಯುವಾಗ
ನನ್ನ ಕಡೆ ನೋಡದೆ ಅಂದಳು:
"ಬಾಲ ಅಷ್ಟು ಉದ್ದ ಇಲ್ಲ."

ರಾತ್ರಿ ಬಾಗಿಲೆಳೆದು ಬಾಲವನ್ನು ಮೋಟು ಮಾಡಿದೆ.
ಪದರಗಳನ್ನು ಒಂದುಗೂಡಿಸದೆ ಹಾಗೇ ಉಳಿಸಿದ್ದೇನೆ.
ಇನ್ನೂ ಯಾರಾದರೂ ಬಂದು ತಿದ್ದಬಹುದು.